ಕರೆಂಟ್ ಹೋಗಿ ಬಂದ ಮೇಲೆ ಡಿಸ್ಕ್ ತಾನಾಗಿ ತೆರೆಯುವ ವ್ಯವಸ್ಥೆ: ಎಷ್ಟು ನಂಬಬಹುದು?

ಕುಂಬಳೆ ಲೋಕಲ್

ಎಲ್ಲರಿಗೂ ನಮಸ್ಕಾರ. ಕುಂಬಳೆ ಪೇಟೆಯಲ್ಲಿ ನನ್ನ ಸೋದರಮಾವನದ್ದೊಂದು ಅಕೌಂಟ್ಸ್ ಆಫೀಸು ಉಂಟು. ಅಡಿಕೆ ವ್ಯಾಪಾರಿಗಳ ಜಿಎಸ್‌ಟಿ, ಇನ್‌ಕಮ್ ಟ್ಯಾಕ್ಸ್, ಅಂಥ ಕೆಲಸ. ಕೆಳಗೆ ಆಫೀಸು, ಮೇಲೆ ಮನೆ. ಒಂದು ಡೆಸ್ಕ್‌ಟಾಪನ್ನೇ ಸರ್ವರ್ ಮಾಡಿಟ್ಟಿದ್ದೇವೆ. ಊರಿನ ಎಷ್ಟೋ ಜನರ ಪಾನ್, ಆಧಾರ್ ಪ್ರತಿ, ಬ್ಯಾಂಕ್ ಸ್ಟೇಟ್‌ಮೆಂಟ್ ಅದರಲ್ಲೇ ಇರುವುದು. ಉಬುಂಟು ಹಾಕಿ ಇಡೀ ಡಿಸ್ಕನ್ನು ಲಕ್ಸ್ ಎಂಬ ಲಿನಕ್ಸಿನ ಬೀಗದ ವ್ಯವಸ್ಥೆಯಲ್ಲಿ ಎನ್‌ಕ್ರಿಪ್ಟ್ ಮಾಡಿದ್ದೇನೆ. ನಾನಿರುವುದು ಬೆಂಗಳೂರಿನಲ್ಲಿ.

ತೊಂದರೆ ಮಳೆಗಾಲದ್ದು. ಜೂನ್ ಬಂತೆಂದರೆ ಕರೆಂಟಿನ ಆಟ ಶುರು. ಯುಪಿಎಸ್ ಸ್ವಲ್ಪ ಹೊತ್ತು ಎಳೆಯುತ್ತದೆ, ಆಮೇಲೆ ಅದೂ ಮಲಗುತ್ತದೆ. ಕರೆಂಟ್ ಬಂದಾಗ ಮೆಷಿನ್ ತಾನಾಗಿ ಆನ್ ಆಗುತ್ತದೆ, ಆದರೆ ಪಾಸ್‌ವರ್ಡ್ ಕೇಳಿಕೊಂಡು ಕಪ್ಪು ಪರದೆಯಲ್ಲಿ ನಿಂತಿರುತ್ತದೆ. ಮಾವನಿಗೆ ಅಷ್ಟುದ್ದದ ಪಾಸ್‌ವರ್ಡ್ ತಪ್ಪದೆ ಹೊಡೆಯುವುದು ಕಷ್ಟ. ಬೆಳಿಗ್ಗೆ ನನಗೆ ಫೋನ್ ಬರುತ್ತದೆ.

ಗೆಳೆಯನೊಬ್ಬ ಟಿಪಿಎಂ ಚಿಪ್‌ಗೆ (ಮೆಷಿನ್ನಿನ ಒಳಗೆ ಕೀ ಕಾಯುವ ಚಿಪ್) ಕಟ್ಟಿಬಿಡು, ಒಂದು ಸಾಲಿನ ಕಮಾಂಡ್, ಆಮೇಲೆ ಯಾರೂ ಏನೂ ಹೊಡೆಯಬೇಕಾಗಿಲ್ಲ ಅಂದ. ಹುಡುಕಿ ನೋಡಿದರೆ ಅದರಲ್ಲಿ ತೂತು ಉಂಟು ಎಂದು ಕೆಲವರು, ಏನೂ ಆಗುವುದಿಲ್ಲ ಎಂದು ಕೆಲವರು. ಮಾವನ ವಿಂಡೋಸ್ ಲ್ಯಾಪ್‌ಟಾಪ್ ಕೂಡ ಡಿಸ್ಕಿಗೆಂದು ಏನೂ ಕೇಳದೆ ತೆರೆಯುತ್ತದೆ. ಅದೂ ಇದೇ ಕಥೆಯಾ? ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ಹೊಸಂಗಡಿ ಎಕ್ಸ್‌ಪ್ರೆಸ್

ಒಳ್ಳೆಯದೊಂದು ಇನ್ವರ್ಟರ್ ಹಾಕಿಸಿ ಮಾರಾಯ್ರೆ. ಸಮಸ್ಯೆ ಮುಗಿಯಿತು.

ಕುಂಬಳೆ ಲೋಕಲ್

ಹಾಕಿಸಿದರೂ ಒಂದು ರಾತ್ರಿ ಪೂರ್ತಿ ಕರೆಂಟ್ ಇಲ್ಲದಿದ್ದರೆ? ಹೋದ ವರ್ಷ ಲೈನ್ ಮೇಲೆ ಮರ ಬಿದ್ದಾಗ ಆದದ್ದು ಅದೇ.

ಮುಳ್ಳೇರಿಯ ಅಕ್ಕ

ನಾನು ಇದೇ ಕೆಲಸದಲ್ಲಿ ಇರುವವಳು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಟಿಪಿಎಂ ಏನು ಮಾಡುತ್ತದೆ ಎನ್ನುವುದು ಮೊದಲು. ಮೆಷಿನ್ ಏಳುವಾಗ ಪ್ರತಿ ಹಂತವೂ ಮುಂದಿನ ಹಂತದ ಹ್ಯಾಶ್ (ಬೆರಳಚ್ಚಿನಂಥ ಗುರುತು) ತೆಗೆದು ಚಿಪ್‌ನೊಳಗೆ ಪಿಸಿಆರ್ ಎಂಬ ಖಾನೆಗಳಿಗೆ ಸೇರಿಸುತ್ತಾ ಹೋಗುತ್ತದೆ. ಬೂಟ್‌ಗೆ ಸಂಬಂಧಪಟ್ಟ ಖಾನೆಗೆ ಸೇರಿದ್ದನ್ನು ಮಧ್ಯದಲ್ಲಿ ಅಳಿಸಲು ಆಗುವುದಿಲ್ಲ, ರೀಸ್ಟಾರ್ಟ್ ಆದರೆ ಮಾತ್ರ ಮತ್ತೆ ಮೊದಲಿನಿಂದ. ಡಿಸ್ಕಿನ ಕೀಯನ್ನು ಚಿಪ್‌ಗೆ ಒಪ್ಪಿಸುವಾಗ ಇಂತಿಂಥ ಪಿಸಿಆರ್‌ಗಳಲ್ಲಿ ಇಂತಿಂಥ ಬೆಲೆ ಇದ್ದರೆ ಮಾತ್ರ ಕೊಡು ಎಂದು ಷರತ್ತು ಹಾಕುತ್ತೀರಿ. ಬೆಲೆ ಹೊಂದಿದರೆ ಕೀ ಹೊರಗೆ ಬರುತ್ತದೆ. ಎದುರು ಕೂತವರು ಮಾವನಾ, ಕಳ್ಳನಾ ಎಂದು ಚಿಪ್‌ಗೆ ಗೊತ್ತಿಲ್ಲ. ಜಾತ್ರೆಯಲ್ಲಿ ಚಪ್ಪಲಿ ಕಾಯುವವನು ಟೋಕನ್ ನೋಡಿ ಚಪ್ಪಲಿ ಕೊಡುತ್ತಾನೆ, ಕಾಲು ಯಾರದ್ದು ಎಂದು ನೋಡುತ್ತಾನಾ?

ಹಾಗಾಗಿ ಡಿಸ್ಕ್ ಮಾತ್ರ ಕಿತ್ತುಕೊಂಡು ಹೋದರೆ ನಿಮಗೆ ರಕ್ಷಣೆ ಉಂಟು. ಹಾಳಾದ ಡಿಸ್ಕನ್ನು ವಾರಂಟಿಗೆ ಕಳಿಸಿದರೂ ಉಂಟು. ಇಡೀ ಮೆಷಿನ್ನನ್ನೇ ಎತ್ತಿಕೊಂಡು ಹೋದರೆ ಬೀಗದ ಜೊತೆ ಕೀಲಿಕೈಯೂ ಹೋಯಿತು. ಮತ್ತೆ ಉಳಿಯುವುದು ಆ ಷರತ್ತು ಎಷ್ಟು ಗಟ್ಟಿ ಎನ್ನುವ ಪ್ರಶ್ನೆ ಮಾತ್ರ.

ನಿಮ್ಮ ಗೆಳೆಯರು ಹೇಳಿದ ಒಂದು ಸಾಲು ಕ್ಲೆವಿಸ್‌ನದ್ದು ಇರಬೇಕು, ಲಕ್ಸ್ ಡಿಸ್ಕನ್ನು ತಾನಾಗಿ ತೆರೆಸುವ ಪ್ರೋಗ್ರಾಂ ಅದು. ಕೊನೆಯಲ್ಲಿ ಖಾಲಿ ಕರ್ಲಿ ಬ್ರಾಕೆಟ್ ಇರುತ್ತದಲ್ಲ, ಆ ಸಾಲು. ಅದನ್ನು ಹಾಗೇ ಹೊಡೆದರೆ ಯಾವ ಪಿಸಿಆರ್ ಷರತ್ತೂ ಇರುವುದಿಲ್ಲ. ಆ ಮದರ್‌ಬೋರ್ಡಿನಲ್ಲಿ ಯಾರು ಏನೇ ಬೂಟ್ ಮಾಡಿ ಕೇಳಿದರೂ ಚಿಪ್ ಕೀ ಕೊಡುತ್ತದೆ.

ಪೆರ್ಲದ ಮಾಷ್ಟ್ರು

ಅಕ್ಕ ಹೇಳಿದ್ದು ಸರಿ. ಗೆಳೆಯರೊಬ್ಬರ ಲ್ಯಾಪ್‌ಟಾಪಿನಲ್ಲಿ ಇದನ್ನೇ ಮಾಡಿ ನೋಡಿದ್ದೇವೆ. ಉಬುಂಟು ಪೆನ್‌ಡ್ರೈವಿನಿಂದ ಲೈವ್ ಆಗಿ ಬೂಟ್ ಮಾಡಿದೆವು. ಇಂಟರ್‌ನೆಟ್ ಕೊಟ್ಟು ಕ್ಲೆವಿಸ್ ಪ್ಯಾಕೇಜು ಹಾಕಿ, ಕ್ಲೆವಿಸ್ ಲಕ್ಸ್ ಅನ್‌ಲಾಕ್ ಎಂದು ಹೊಡೆದು ಪಾರ್ಟಿಷನ್ ಹೆಸರು ಕೊಟ್ಟೆವು. ಅಷ್ಟೇ. ಡಿಸ್ಕ್ ತೆರೆಯಿತು. ಅವರ ಮಗಳ ಮದುವೆ ಫೋಟೋ ಎಲ್ಲ ಕಾಣಿಸಿತು. ಪಾಸ್‌ವರ್ಡ್ ಯಾರೂ ಕೇಳಲಿಲ್ಲ.

ಹೊಸಂಗಡಿ ಎಕ್ಸ್‌ಪ್ರೆಸ್

ಸರಿ, ಒಪ್ಪಿದೆ. ಆದರೆ ನಮ್ಮ ಕಡೆ ಕದಿಯುವವನು ಲ್ಯಾಪ್‌ಟಾಪನ್ನು ಮಾರಿ ನಾಲ್ಕು ಕಾಸು ಮಾಡುತ್ತಾನೆ. ಕುಂಬಳೆಯಲ್ಲಿ ಯಾರು ಪಿಸಿಆರ್ ಲೆಕ್ಕ ಹಾಕಿಕೊಂಡು ಕೂತಿದ್ದಾರೆ? ಸುಮ್ನೆ ಹೆದರಿಸುವುದು ಬೇಡ.

ಪೆರ್ಲದ ಮಾಷ್ಟ್ರು

ಬೇರೆ ಊರಾದರೆ ಒಪ್ಪುತ್ತಿದ್ದೆನೋ ಏನೋ. ಕೇರಳದ ಶಾಲೆಗಳಲ್ಲಿ ಮಕ್ಕಳು ಕಲಿಯುವುದೇ ಕೈಟ್ ಗ್ನು/ಲಿನಕ್ಸ್ ಮೇಲೆ. ನಮ್ಮ ಕನ್ನಡ ಮೀಡಿಯಂ ಮಕ್ಕಳೂ ಅದರಲ್ಲೇ. ಟರ್ಮಿನಲ್ ಕಂಡರೆ ಹೆದರುವ ಪೈಕಿ ಅಲ್ಲ. ಪೆನ್‌ಡ್ರೈವಿನಿಂದ ಬೂಟ್ ಮಾಡುವುದು ಹೈಸ್ಕೂಲು ಮಕ್ಕಳಿಗೆ ಆಟದ ಹಾಗೆ ಬರುತ್ತದೆ. ಹಾಗೆಂದು ಅವರು ಕದಿಯುತ್ತಾರೆ ಎಂದಲ್ಲ ಮತ್ತೆ! ಇಲ್ಲಿ ಯಾರಿಗೆ ಗೊತ್ತು ಎನ್ನುವುದು ಮಾತ್ರ ಲೆಕ್ಕಕ್ಕೆ ಬರುವುದಿಲ್ಲ.

ಮುಳ್ಳೇರಿಯ ಅಕ್ಕ

ಎಕ್ಸ್‌ಪ್ರೆಸ್ ಅವರೇ, ಕಳ್ಳ ಮಾರಿದ ಮೇಲೆ ಅದು ಯಾರ ಕೈಗೆ ಹೋಗುತ್ತದೆ? ಅವನಿಗೆ ಪುರುಸೊತ್ತು ಬೇಕಾದಷ್ಟಿರಬಹುದು. ಕಳ್ಳನೇ ಬೇಕೆಂದೂ ಇಲ್ಲ. ಮುನಿಸಿಕೊಂಡು ಕೆಲಸ ಬಿಟ್ಟು ಹೋದ ಹುಡುಗ, ಆಸ್ತಿ ತಕರಾರಿನಲ್ಲಿರುವ ದಾಯಾದಿ, ಎದುರು ಪಾರ್ಟಿಯ ಲೆಕ್ಕ ನೋಡಬೇಕೆನ್ನುವ ವ್ಯಾಪಾರಿ. ಅಕೌಂಟ್ಸ್ ಆಫೀಸಿಗೆ ಇವರೇ ಹತ್ತಿರದವರು.

ಈಗ ಷರತ್ತು ಹಾಕಿದರೂ ಏನಾಗುತ್ತದೆ ನೋಡಿ. ಹೆಚ್ಚಿನವರು ಪಿಸಿಆರ್ 7ಕ್ಕೆ ಮಾತ್ರ ಕಟ್ಟುತ್ತಾರೆ. 7ರಲ್ಲಿ ಇರುವುದು ಸೆಕ್ಯೂರ್ ಬೂಟ್ (ಸಹಿ ಇರುವುದನ್ನು ಮಾತ್ರ ಏಳಲು ಬಿಡುವ ವ್ಯವಸ್ಥೆ) ಆನ್ ಆಗಿದೆಯಾ, ಯಾವ ಸರ್ಟಿಫಿಕೇಟಿನ ಮೇಲೆ ಬೂಟ್ ಆಯಿತು ಎನ್ನುವ ವಿಷಯ. ಕರ್ನಲ್ (ಸಿಸ್ಟಮ್‌ನ ತಿರುಳು) ಜೊತೆ ಲೋಡ್ ಆಗಿ ಡಿಸ್ಕ್ ತೆರೆಯುವ ಕೆಲಸ ಮಾಡುವ ಇನಿಟ್‌ರಾಮ್ ಫೈಲ್ ಅದರ ಲೆಕ್ಕದಲ್ಲಿ ಇಲ್ಲ. ಸಾಮಾನ್ಯ ಉಬುಂಟುವಿನಲ್ಲಿ ಆ ಫೈಲಿಗೆ ಸಹಿಯೂ ಇಲ್ಲ, ಅದು ಕೂರುವ ಬೂಟ್ ಪಾರ್ಟಿಷನ್ ಎನ್‌ಕ್ರಿಪ್ಟ್ ಕೂಡ ಆಗಿರುವುದಿಲ್ಲ. ಅದನ್ನು ಬಿಚ್ಚಿ ಎರಡು ಸಾಲು ಸೇರಿಸಿ ಮತ್ತೆ ಕಟ್ಟಿಟ್ಟರೆ 7ರ ಬೆಲೆ ಒಂದಿಷ್ಟೂ ಬದಲಾಗುವುದಿಲ್ಲ. ಡಿಸ್ಕ್ ತೆರೆದುಕೊಂಡಾಗ ಆ ಎರಡು ಸಾಲು ಕೀಯನ್ನು ಬರೆದಿಟ್ಟುಕೊಳ್ಳುತ್ತದೆ.

9ನ್ನೂ ಸೇರಿಸಿದರೆ ಇನಿಟ್‌ರಾಮ್ ಲೆಕ್ಕಕ್ಕೆ ಬರುತ್ತದೆ. ಆದರೆ ಪ್ರತಿ ಕರ್ನಲ್ ಅಪ್‌ಡೇಟ್ ಆದಾಗ ಬೆಲೆ ಬದಲಾಗಿ ಮತ್ತೆ ಪಾಸ್‌ವರ್ಡ್ ಕೇಳುತ್ತದೆ. ಮಾವನ ಫೋನ್ ಮತ್ತೆ ನಿಮಗೇ. ಕರ್ನಲ್, ಇನಿಟ್‌ರಾಮ್, ಕಮಾಂಡ್‌ಲೈನ್ ಮೂರನ್ನೂ ಒಂದೇ ಫೈಲ್ ಮಾಡಿ ಸಹಿ ಹಾಕುವ ಯುಕೆಐ ಕ್ರಮ ಇದಕ್ಕಿಂತ ಚೆನ್ನ.

ಅಷ್ಟೆಲ್ಲ ಮಾಡಿದರೂ ಇನ್ನೊಂದು ತೂತು ಉಳಿಯುತ್ತದೆ. ನನಗೆ ಎಲ್ಲಕ್ಕಿಂತ ಹೆಚ್ಚು ತಲೆಬಿಸಿ ಮಾಡಿದ್ದು ಅದು. ಊಟ ಮಾಡಿ ಬಂದು ಬರೆಯುತ್ತೇನೆ.

ಉಪ್ಪಳ ರಿಪೇರಿ

ಅಕ್ಕ ಬರುವ ತನಕ ವಿಂಡೋಸ್ ಕಥೆ ನಾನು ಹೇಳುತ್ತೇನೆ. ಅಂಗಡಿಯಲ್ಲಿ ದಿನಾ ನೋಡುವುದೇ ಅದು.

ವಿಂಡೋಸ್ 11ರ 24ಎಚ್2 ಎಂಬ ಆವೃತ್ತಿ ಬಂದ ಮೇಲೆ ಹೊಸದಾಗಿ ಇನ್‌ಸ್ಟಾಲ್ ಮಾಡಿ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಒಳಗೆ ಹೋದರೆ ಸಾಕು, ಹೋಮ್ ಆವೃತ್ತಿಯಲ್ಲೂ ಡಿಸ್ಕ್ ತಾನಾಗಿ ಎನ್‌ಕ್ರಿಪ್ಟ್ ಆಗುತ್ತದೆ. ನಿಮ್ಮ ಮಾವನದ್ದೂ ಹಾಗೇ ಆಗಿರಬೇಕು. ಕೀ ಇರುವುದು ಟಿಪಿಎಂನಲ್ಲಿ, ಆನ್ ಮಾಡುವಾಗ ಹೊಡೆಯುವ ಪಿನ್ ಇಲ್ಲ. ಜನರಿಗೆ ಎನ್‌ಕ್ರಿಪ್ಟ್ ಆಗಿದೆ ಎನ್ನುವುದೇ ಗೊತ್ತಿರುವುದಿಲ್ಲ. ಒಂದು ದಿನ ಬಯಾಸ್ ಅಪ್‌ಡೇಟ್ ಆಗುತ್ತದೆ, ಇಲ್ಲವೇ ಮದರ್‌ಬೋರ್ಡ್ ಬದಲಾಯಿಸುತ್ತಾರೆ. ನೀಲಿ ಪರದೆ ಬಂದು 48 ಅಂಕೆಯ ರಿಕವರಿ ಕೀ ಕೇಳುತ್ತದೆ. ಎಲ್ಲಿದೆ ಅಂತ ಕೇಳಿದರೆ ನನ್ನ ಮುಖ ನೋಡುತ್ತಾರೆ.

ಆ ಕೀ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಇರುತ್ತದೆ. ಆದರೆ ಆ ಅಕೌಂಟ್ ಯಾರದ್ದು? ಮೊನ್ನೆ ಒಬ್ಬರು ತಂದದ್ದು ಮಾರಿದ ಅಂಗಡಿಯವನು ತಾನೇ ಒಂದು ಇಮೇಲ್ ಮಾಡಿ ಸೆಟಪ್ ಮಾಡಿ ಕೊಟ್ಟ ಲ್ಯಾಪ್‌ಟಾಪ್. ಆ ಇಮೇಲ್ ಅಂಗಡಿಯವನಿಗೂ ನೆನಪಿಲ್ಲ. ಮಗನ ಪ್ರಾಜೆಕ್ಟ್, ಮನೆ ಲೋನಿನ ಕಾಗದ ಎಲ್ಲ ಅದರೊಳಗೆ. ಡಿಸ್ಕ್ ಸರಿಯಾಗಿಯೇ ಉಂಟು. ನನ್ನಿಂದ ಏನೂ ಮಾಡಲು ಆಗಲಿಲ್ಲ. ಕಳ್ಳನಿಗೆ ತೆರೆಯಲು ದಾರಿ ಉಂಟು, ಯಜಮಾನನಿಗೆ ಇಲ್ಲ. ಇದೆಂಥ ಭದ್ರತೆ ಅಂತ ಅವರು ನನ್ನ ಮೇಲೆ ರೇಗಿದರು.

ಕುಂಬಳೆ ಲೋಕಲ್

ಕಳ್ಳನಿಗೆ ದಾರಿ ಉಂಟಾ? ವಿಂಡೋಸಿನ ಬಿಟ್‌ಲಾಕರ್ ಎನ್‌ಕ್ರಿಪ್ಶನ್‌ನಲ್ಲೂ?

ಉಪ್ಪಳ ರಿಪೇರಿ

ಉಂಟು. ಟಿಪಿಎಂ ಬೇರೆ ಚಿಪ್ ಆಗಿ ಬೋರ್ಡಿನ ಮೇಲೆ ಕೂತಿದ್ದರೆ ಅದರಿಂದ ಪ್ರೊಸೆಸರ್‌ಗೆ ಕೀ ಹೋಗುವುದು ಸಣ್ಣ ತಾಮ್ರದ ಗೆರೆಗಳ ಮೇಲೆ. ಬಿಟ್‌ಲಾಕರ್ ಅದನ್ನು ಮುಚ್ಚಿ ಕಳಿಸುವುದಿಲ್ಲ. ಆ ಗೆರೆಗೆ ಲೋಹದ ಮೊನೆ ಒತ್ತಿ ಹಿಡಿದು ಕದ್ದು ಕೇಳಬಹುದು. 2019ರಲ್ಲೇ ಇದನ್ನು ಮಾಡಿ ತೋರಿಸಿದ್ದಾರೆ. 2024ರ ಫೆಬ್ರವರಿಯಲ್ಲಿ ಬಂದ ಒಂದು ವೀಡಿಯೊದಲ್ಲಿ ಹಳೆಯ ಥಿಂಕ್‌ಪ್ಯಾಡ್ ಒಂದರ ಹಿಂಬದಿ ಬಿಚ್ಚಿ, ರಾಸ್ಪ್‌ಬೆರ್ರಿ ಪೈ ಪಿಕೊ ಇಟ್ಟು ಮಾಡಿದ ಸಣ್ಣ ಬೋರ್ಡ್ ಒತ್ತಿ ಹಿಡಿದು 43 ಸೆಕೆಂಡಿನಲ್ಲಿ ಕೀ ತೆಗೆದರು. ಆ ಬೋರ್ಡಿಗೆ 10 ಡಾಲರ್ ಕೂಡ ಖರ್ಚಿಲ್ಲ. ಈಚಿನ ಹೆಚ್ಚಿನ ಲ್ಯಾಪ್‌ಟಾಪುಗಳಲ್ಲಿ ಟಿಪಿಎಂ ಪ್ರೊಸೆಸರ್ ಒಳಗೇ ಇರುವುದರಿಂದ ಈ ಗೆರೆಯ ಆಟ ನಡೆಯುವುದಿಲ್ಲ.

ಹೊಸಂಗಡಿ ಎಕ್ಸ್‌ಪ್ರೆಸ್

ಹಾಗಾದರೆ ಹೊಸ ಲ್ಯಾಪ್‌ಟಾಪ್ ತೆಗೊಂಡರೆ ಆಯ್ತಲ್ಲ.

ಮುಳ್ಳೇರಿಯ ಅಕ್ಕ

ಆಗುವುದಿಲ್ಲ. ಪ್ರೊಸೆಸರ್ ಒಳಗಿನ ಟಿಪಿಎಂಗೂ 2023ರಲ್ಲಿ ಬರ್ಲಿನ್‌ನ ತಾಂತ್ರಿಕ ವಿಶ್ವವಿದ್ಯಾಲಯದವರು ಕೈ ಹಾಕಿದರು. ಎಎಂಡಿಯ ಜೆನ್ 2, ಜೆನ್ 3 ಚಿಪ್‌ಗಳಿಗೆ ವೋಲ್ಟೇಜ್ ಏರುಪೇರು ಮಾಡಿ ಒಳಗಿನ ಗುಟ್ಟನ್ನು ಹೊರಗೆ ತೆಗೆದರು. ಅದು ಲ್ಯಾಬಿನ ಕೆಲಸ, ಕೆಲವು ಗಂಟೆ ಮೆಷಿನ್ ಕೈಯಲ್ಲಿ ಬೇಕು. ಕುಂಬಳೆಯ ಮಟ್ಟಿಗೆ ಅದನ್ನು ಬದಿಗಿಡೋಣ.

ಬದಿಗಿಡಲು ಆಗದ್ದು ಬಿಟ್‌ಲಾಕರ್ ಮೇಲಿನ ಬಿಟ್‌ಪಿಕ್ಸಿ ಎಂಬ ದಾಳಿ. ಸ್ಕ್ರೂಡ್ರೈವರ್ ಕೂಡ ಬೇಡ. ವಿಂಡೋಸ್‌ನ ಹಳೆಯ ಬೂಟ್ ಮ್ಯಾನೇಜರಿನಲ್ಲಿ ಒಂದು ದೋಷ ಇತ್ತು. ಬೂಟ್ ಕೆಟ್ಟು ಅದು ನೆಟ್‌ವರ್ಕ್ ಬೂಟ್‌ಗೆ ಹಾರುವಾಗ ಡಿಸ್ಕಿನ ಕೀಯನ್ನು ಮೆಮೊರಿಯಿಂದ ಅಳಿಸದೆ ಬಿಡುತ್ತಿತ್ತು. ಹೊಸದರಲ್ಲಿ ಸರಿ ಮಾಡಿದ್ದಾರೆ, ನಿಜ. ಆದರೆ ಹಳೆಯದರ ಮೇಲೆ ಮೈಕ್ರೋಸಾಫ್ಟ್‌ನ 2011ರ ಸರ್ಟಿಫಿಕೇಟಿನ ಸಹಿ ಉಂಟು, ಸೆಕ್ಯೂರ್ ಬೂಟ್ ಅದನ್ನು ಈಗಲೂ ಒಪ್ಪುತ್ತದೆ. ದಾಳಿ ಮಾಡುವವನು ಲ್ಯಾನ್ ಕೇಬಲ್ ಸಿಕ್ಕಿಸಿ ಹಳೆಯದನ್ನೇ ಕೊಡುತ್ತಾನೆ. ಕೀ ಮೆಮೊರಿಯಲ್ಲಿ ಉಳಿಯುತ್ತದೆ, ನಂತರ ಸಹಿ ಇರುವ ಲಿನಕ್ಸ್ ಒಂದನ್ನು ಏರಿಸಿ ಹುಡುಕಿ ತೆಗೆಯುತ್ತಾನೆ. 2024ರ ಡಿಸೆಂಬರಿನಲ್ಲಿ ಜರ್ಮನಿಯ 38ಸಿ3 ಸಮ್ಮೇಳನದಲ್ಲಿ ಇದನ್ನು ವೇದಿಕೆಯ ಮೇಲೆ ವಿವರಿಸಿದರು. ದೋಷದ ನಂಬರ್ ಸಿವಿಇ-2023-21563. 2011ರ ಸರ್ಟಿಫಿಕೇಟನ್ನು ಮೆಷಿನ್ನಿನಲ್ಲಿ ರದ್ದು ಮಾಡಿದರೆ ಬಾಗಿಲು ಮುಚ್ಚುತ್ತದೆ. ಎಷ್ಟು ಜನ ಮಾಡಿದ್ದಾರೋ, ನನಗೆ ಭರವಸೆ ಇಲ್ಲ.

ಲ್ಯಾಬಿನ ಆ ಕೆಲಸ ಬಿಟ್ಟರೆ ಉಳಿದದ್ದು ನಡೆಯುವುದು ಪಿನ್ ಇಲ್ಲದ ಕಡೆ. ಪಿನ್ ಇದ್ದರೆ ಚಿಪ್ ಸುಮ್ಮನೆ ಬಾಯಿ ಬಿಡುವುದಿಲ್ಲ.

ಈಗ ಲಿನಕ್ಸಿನ ಆ ಇನ್ನೊಂದು ತೂತು. 2025ರ ಜನವರಿಯಲ್ಲಿ ಒಬ್ಬ ಸಂಶೋಧಕರು ಇದನ್ನು ಪೂರ್ತಿಯಾಗಿ ಮಾಡಿ ತೋರಿಸಿದರು. ಇನಿಟ್‌ರಾಮ್ ಡಿಸ್ಕನ್ನು ಹುಡುಕುವುದು ಅದರ ಯುಯುಐಡಿ ಎಂಬ ಗುರುತಿನ ನಂಬರ್ ನೋಡಿ. ಆ ಯುಯುಐಡಿ ಡಿಸ್ಕಿನ ಮೇಲೆ ಎಲ್ಲರಿಗೂ ಕಾಣುವ ಹಾಗೆ ಬರೆದಿರುತ್ತದೆ. ದಾಳಿಕಾರ ಪೆನ್‌ಡ್ರೈವಿನಿಂದ ಬೂಟ್ ಮಾಡಿ ನಿಮ್ಮ ಡಿಸ್ಕಿನ ಪ್ರತಿ ತೆಗೆಯುತ್ತಾನೆ. ಆಮೇಲೆ ಅದೇ ಜಾಗದಲ್ಲಿ ಅದೇ ಯುಯುಐಡಿ ಕೊಟ್ಟು ತನ್ನದೇ ಲಕ್ಸ್ ಪಾರ್ಟಿಷನ್ ಇಡುತ್ತಾನೆ, ತನಗೆ ಗೊತ್ತಿರುವ ಪಾಸ್‌ವರ್ಡ್ ಹಾಕಿ. ಮೆಷಿನ್ ಆನ್ ಮಾಡುತ್ತಾನೆ. ಫರ್ಮ್‌ವೇರ್ ನಿಮ್ಮದೇ, ಕರ್ನಲ್ ನಿಮ್ಮದೇ, ಇನಿಟ್‌ರಾಮ್ ಕೂಡ ನಿಮ್ಮದೇ. ಪಿಸಿಆರ್ ಎಲ್ಲ ಸರಿಯಾಗಿ ಕೂರುತ್ತದೆ. ಟಿಪಿಎಂ ಕೀ ಆ ನಕಲಿ ಪಾರ್ಟಿಷನ್‌ಗೆ ಹೊಂದದ ಕಾರಣ ಪಾಸ್‌ವರ್ಡ್ ಕೇಳುತ್ತದೆ. ಅವನು ತನ್ನದನ್ನು ಹೊಡೆಯುತ್ತಾನೆ. ನಿಮ್ಮ ಇನಿಟ್‌ರಾಮ್ ನಂಬಿಕೆಯಿಂದ ಅವನ ಸಿಸ್ಟಮ್‌ಗೆ ಅಧಿಕಾರ ಒಪ್ಪಿಸುತ್ತದೆ. ಈಗ ಅವನ ಪ್ರೋಗ್ರಾಂ ರೂಟ್ ಆಗಿ, ಅಂದರೆ ಪೂರ್ತಿ ಅಧಿಕಾರದಲ್ಲಿ ಓಡುತ್ತಿದೆ, ಪಿಸಿಆರ್ ಬೆಲೆಗಳು ಇನ್ನೂ ಹಾಗೇ ಇವೆ. ನಿಮ್ಮ ನಿಜವಾದ ಡಿಸ್ಕಿನ ಹೆಡರಿನಲ್ಲಿ (ಕೀ ವಿವರ ಇರುವ ಆರಂಭದ ಭಾಗ) ಮೊದಲೇ ಇದ್ದ, ಚಿಪ್ ಮೊಹರು ಹಾಕಿದ ಕೀಯ ತುಂಡನ್ನು ಚಿಪ್‌ನ ಮುಂದಿಟ್ಟು ಬಿಚ್ಚು ಅಂದರೆ ಬಿಚ್ಚುತ್ತದೆ.

ನೋಡಿ, ಇಲ್ಲಿ ಚಿಪ್ ಮುರಿಯಲಿಲ್ಲ, ಗಣಿತ ಮುರಿಯಲಿಲ್ಲ. ಬೂಟ್ ಮಾಡಿದ್ದು ಯಾರು ಎಂದು ಪರೀಕ್ಷೆ ಆಯಿತು. ತೆರೆದ ಡಿಸ್ಕ್ ಯಾವುದು ಎಂದು ಯಾರೂ ಕೇಳಲಿಲ್ಲ.

ಪೆರ್ಲದ ಮಾಷ್ಟ್ರು

ಯುಕೆಐ ಮಾಡಿ ಸಹಿ ಹಾಕಿದ್ದರೂ ಇದು ನಡೆಯುತ್ತದಾ ಅಕ್ಕ?

ಮುಳ್ಳೇರಿಯ ಅಕ್ಕ

ನಡೆಯುತ್ತದೆ ಮಾಷ್ಟ್ರೇ. ಅವನು ಸಹಿ ಇರುವ ಯಾವ ಫೈಲನ್ನೂ ಮುಟ್ಟುವುದೇ ಇಲ್ಲ.

ಪರಿಹಾರ ಉಂಟು. ಲಿನಕ್ಸನ್ನು ಎಬ್ಬಿಸುವ ಸಿಸ್ಟಮ್‌ಡಿ ಪ್ರೋಗ್ರಾಂನಲ್ಲಿ, ತೆರೆದ ಡಿಸ್ಕಿನ ಒಳಗಿನ ಕೀಯಿಂದ (ವಾಲ್ಯೂಮ್ ಕೀ) ಲೆಕ್ಕ ಹಾಕಿದ ಒಂದು ಬೆಲೆಯನ್ನು ಪಿಸಿಆರ್ 15ಕ್ಕೆ ಸೇರಿಸುವ ಆಯ್ಕೆ ಇದೆ, ಕ್ರಿಪ್ಟ್‌ಟ್ಯಾಬ್ ಫೈಲಿನಲ್ಲಿ ಹಾಕುವುದು. 15 ಸೊನ್ನೆ ಇದ್ದಾಗ ಮಾತ್ರ ಕೀ ಕೊಡು ಎಂದು ಕಟ್ಟಬೇಕು. ಆಗ ನಕಲಿ ಡಿಸ್ಕ್ ಒಮ್ಮೆ ತೆರೆದರೆ 15 ಬದಲಾಗುತ್ತದೆ, ಮತ್ತೆ ಕೀ ಸಿಗುವುದಿಲ್ಲ. ಜೊತೆಗೆ ಮುಂದಕ್ಕೆ ಹೋಗುವ ಮೊದಲು 15ರಲ್ಲಿ ನಮ್ಮದೇ ಡಿಸ್ಕಿನ ಬೆಲೆ ಇದೆಯಾ ಎಂದು ಇನಿಟ್‌ರಾಮ್ ಒಳಗೇ ಪರೀಕ್ಷಿಸಬೇಕು. ಏಕೆಂದರೆ ಎನ್‌ಕ್ರಿಪ್ಟೇ ಮಾಡದ ನಕಲಿ ಡಿಸ್ಕ್ ಇಟ್ಟರೆ 15 ಬದಲಾಗುವುದಿಲ್ಲವಲ್ಲ.

ಇನಿಟ್‌ರಾಮ್ ತೊಂದರೆಯಾದಾಗ ಕೊಡುವ ಎಮರ್ಜೆನ್ಸಿ ಶೆಲ್ಲನ್ನೂ (ಕಮಾಂಡ್ ಹೊಡೆಯುವ ಪರದೆ) ಬಂದ್ ಮಾಡಿ. 2016ರಲ್ಲಿ ಒಂದು ದೋಷ ಸಿಕ್ಕಿತ್ತು: ಪಾಸ್‌ವರ್ಡ್ ಕೇಳುವಲ್ಲಿ ಎಂಟರ್ ಕೀಯನ್ನು ಸುಮಾರು 70 ಸೆಕೆಂಡ್ ಒತ್ತಿ ಹಿಡಿದರೆ ರೂಟ್ ಶೆಲ್ ಸಿಗುತ್ತಿತ್ತು. ಡಿಸ್ಕ್ ಹೇಗೂ ಬೀಗ ಹಾಕಿಯೇ ಉಂಟಲ್ಲ ಎಂದು ಆಗ ಕೆಲವರು ನಕ್ಕರು. ಟಿಪಿಎಂಗೆ ಕಟ್ಟಿದ ಮೆಷಿನ್ನಿನಲ್ಲಿ ಅಂಥ ಶೆಲ್ ಸಿಕ್ಕಿದರೆ ನಗುವ ವಿಷಯ ಅಲ್ಲ. ಶೆಲ್ ಸಿಕ್ಕಿದವನಿಗೆ ಕೀಯೂ ಸಿಕ್ಕಿತು.

ಕುಂಬಳೆ ಲೋಕಲ್

ಅಕ್ಕ, ಇಷ್ಟನ್ನು ಬೆಂಗಳೂರಿನಿಂದ ಕೂತು ಸಂಭಾಳಿಸುವುದು ನನ್ನಿಂದ ಆಗುವ ಹಾಗೆ ಕಾಣುವುದಿಲ್ಲ. ಪಿನ್ ಹಾಕಿದರೆ ರಾತ್ರಿ ತಾನಾಗಿ ಏಳುವುದಿಲ್ಲ. ಹಾಕದಿದ್ದರೆ ಹೀಗೆ. ಬೂಟ್ ಆಗುವಾಗಲೇ ದೂರದಿಂದ ಲಾಗಿನ್ ಆಗಲು ಬಿಡುವ ಡ್ರಾಪ್‌ಬೇರ್ ಪ್ರೋಗ್ರಾಂ ಇಟ್ಟು ನಾನೇ ಎಸ್‌ಎಸ್‌ಎಚ್‌ನಲ್ಲಿ ಬಂದು ಪಾಸ್‌ವರ್ಡ್ ಕೊಟ್ಟರೆ?

ಮುಳ್ಳೇರಿಯ ಅಕ್ಕ

ಆಗುತ್ತದೆ. ಆದರೆ ಡ್ರಾಪ್‌ಬೇರ್‌ನ ಹೋಸ್ಟ್ ಕೀ (ಸರ್ವರಿನ ಗುರುತು) ಕೂರುವುದು ಅದೇ ತೆರೆದಿಟ್ಟ ಬೂಟ್ ಪಾರ್ಟಿಷನ್ನಿನಲ್ಲಿ. ಅದನ್ನು ಕದ್ದವನು ನಿಮ್ಮ ಸರ್ವರಿನ ವೇಷ ಹಾಕಿ ಕೂತರೆ ನೀವು ಅವನಿಗೇ ಪಾಸ್‌ವರ್ಡ್ ಕೊಡುತ್ತೀರಿ. ಮೆಷಿನ್ ಸುಮಾರು ಹೊತ್ತು ಕಾಣೆಯಾಗಿ ಮತ್ತೆ ಬಂದರೆ ಲಾಗಿನ್ ಆಗಬೇಡಿ, ಮಾವನಿಗೆ ಫೋನ್ ಮಾಡಿ ಕೇಳಿ.

ಕೆಳಗೆ ಆಫೀಸು, ಮೇಲೆ ಮನೆ ಅಂದಿರಲ್ಲ. ನಿಮಗೆ ಟ್ಯಾಂಗ್ ಎಂಬ ಸಣ್ಣ ಸರ್ವರ್ ಪ್ರೋಗ್ರಾಂ ಒಳ್ಳೆಯದು. ಮೇಲಿನ ಮನೆಯಲ್ಲಿ ಒಂದು ಸಣ್ಣ ರಾಸ್ಪ್‌ಬೆರ್ರಿ ಪೈ ಇಟ್ಟು ಅದರಲ್ಲಿ ಟ್ಯಾಂಗ್ ಓಡಿಸಿ. ಕೆಳಗಿನ ಸರ್ವರ್ ಏಳುವಾಗ ನೆಟ್‌ವರ್ಕಿನಲ್ಲಿ ಟ್ಯಾಂಗ್‌ನ್ನು ಕೇಳಿ ಕೀ ಲೆಕ್ಕ ಹಾಕಿಕೊಳ್ಳುತ್ತದೆ. ಟ್ಯಾಂಗ್ ನಿಮ್ಮ ಕೀಯನ್ನು ಇಟ್ಟುಕೊಳ್ಳುವುದೂ ಇಲ್ಲ, ನೋಡುವುದೂ ಇಲ್ಲ. ಸರ್ವರನ್ನು ಕದ್ದು ಬೇರೆ ಕಡೆ ಒಯ್ದರೆ ಅಲ್ಲಿ ಟ್ಯಾಂಗ್ ಇಲ್ಲ, ಡಿಸ್ಕ್ ತೆರೆಯುವುದಿಲ್ಲ. ಆದರೆ ಆಫೀಸಿನ ಒಳಗೇ ಕೂತು, ಅದೇ ನೆಟ್‌ವರ್ಕಿನಲ್ಲಿ ಆಟ ಆಡುವವನನ್ನು ಇದು ತಡೆಯುವುದಿಲ್ಲ. ಪೈಯನ್ನು ಸರ್ವರ್ ಪಕ್ಕದಲ್ಲೇ ಇಟ್ಟರಂತೂ ಪ್ರಯೋಜನವೇ ಇಲ್ಲ.

ಉಪ್ಪಳ ರಿಪೇರಿ

ನನ್ನದೊಂದು ಪ್ರಶ್ನೆ. ರಾತ್ರಿ ಎರಡು ಗಂಟೆಗೆ ಆ ಸರ್ವರ್ ಎದ್ದು ಎಂತ ಮಾಡಬೇಕು? ಆಫೀಸು ತೆರೆಯುವುದು ಬೆಳಿಗ್ಗೆ ಅಲ್ವಾ?

ಕುಂಬಳೆ ಲೋಕಲ್

ರಾತ್ರಿ ಬ್ಯಾಕಪ್ ಓಡುತ್ತದೆ. ಮತ್ತೆ ನಾನು ರಿಮೋಟ್ ಆಗಿ ನೋಡುವುದು ರಾತ್ರಿಯೇ.

ಉಪ್ಪಳ ರಿಪೇರಿ

ಬ್ಯಾಕಪ್ ಸಂಜೆ ಆಫೀಸು ಮುಚ್ಚುವ ಮೊದಲು ಓಡಿಸಿ. ಸಿಸ್ಟಮ್ ಬೇರೆ, ದಾಖಲೆ ಬೇರೆ ಮಾಡಿ. ಸಿಸ್ಟಮ್ ಪಾರ್ಟಿಷನ್ ತಾನಾಗಿ ಏಳಲಿ, ಅದರಲ್ಲಿ ಕದಿಯುವಂಥದ್ದು ಏನೂ ಇಡಬೇಡಿ. ಗಿರಾಕಿಗಳ ಕಾಗದ ಇರುವ ಪಾರ್ಟಿಷನ್ ಮಾತ್ರ ಬೆಳಿಗ್ಗೆ ಮಾವ ಪಾಸ್‌ಫ್ರೇಸ್ ಕೊಟ್ಟ ಮೇಲೆ ತೆರೆಯಲಿ. ಅಕ್ಷರ, ಅಂಕೆ, ಚಿಹ್ನೆ ಎಲ್ಲ ಕಲಸಿ ಮಾಡಬೇಡಿ. ಸಂಬಂಧ ಇಲ್ಲದ ಐದಾರು ಶಬ್ದ ಸಾಲಾಗಿ ಕೊಡಿ, ಅವರು ಹೊಡೆಯುತ್ತಾರೆ. ನನ್ನ ಗಿರಾಕಿಗಳಲ್ಲಿ ವಯಸ್ಸಾದವರಿಗೆ ನಾನು ಹೀಗೇ ಮಾಡಿ ಕೊಡುವುದು.

ಮುಳ್ಳೇರಿಯ ಅಕ್ಕ

ಇದು ನಾನು ಹೇಳಿದ ಎಲ್ಲದಕ್ಕಿಂತ ಸರಳ, ಬಹುಶಃ ಗಟ್ಟಿ ಕೂಡ. ಕೀ ಚಿಪ್‌ನಲ್ಲಿ ಇಲ್ಲವೇ ಇಲ್ಲ. ತಾನಾಗಿ ಏಳುವ ಸಿಸ್ಟಮ್ ಭಾಗದಲ್ಲಿ ಯಾರಾದರೂ ಕೈಯಾಡಿಸಿ ಮಾವ ಹೊಡೆಯುವುದನ್ನು ಹಿಡಿದಿಟ್ಟುಕೊಳ್ಳಬಹುದು ಎನ್ನುವ ಅಪಾಯ ಉಳಿಯುತ್ತದೆ. ಅದಕ್ಕೆ ಸೆಕ್ಯೂರ್ ಬೂಟ್, ಬಯಾಸ್ ಪಾಸ್‌ವರ್ಡ್ ಹಾಕಿ. ಬೇಕಿದ್ದರೆ ಆ ಸಿಸ್ಟಮ್ ಪಾರ್ಟಿಷನ್‌ಗೆ ಟಿಪಿಎಂ ಕಟ್ಟಿ. ಅಲ್ಲಿ ಅದು ಸರಿಯಾದ ಜಾಗ. ಟೆಂಪರರಿ ಫೈಲ್, ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಡಿಸ್ಕ್ ಜಾಗ) ಎರಡೂ ಸಿಸ್ಟಮ್ ಭಾಗದಲ್ಲೇ ಬೀಳುತ್ತವೆ ಎನ್ನುವುದು ನೆನಪಿರಲಿ. ಸ್ವಾಪ್‌ಗೆ ಪ್ರತಿ ಬೂಟ್‌ನಲ್ಲೂ ಹೊಸ ಯಾದೃಚ್ಛಿಕ ಕೀ ಕೊಡುವ ಹಾಗೆ ಮಾಡಿ.

ಹೊಸಂಗಡಿ ಎಕ್ಸ್‌ಪ್ರೆಸ್

ನನ್ನ ಇನ್ವರ್ಟರ್ ಸಲಹೆಯನ್ನೂ ಮರೆಯಬೇಡಿ.

ಕುಂಬಳೆ ಲೋಕಲ್

ಮರೆಯುವುದಿಲ್ಲ, ಅದೂ ಲಿಸ್ಟಿನಲ್ಲಿ ಉಂಟು. ಸರ್ವರನ್ನು ರಿಪೇರಿ ಅಣ್ಣ ಹೇಳಿದ ಹಾಗೆ ಎರಡು ಭಾಗ ಮಾಡುತ್ತೇನೆ. ಮಾವನ ಲ್ಯಾಪ್‌ಟಾಪಿಗೆ ಪಿನ್ ಹಾಕಬೇಕು. ಅದು ವಿಂಡೋಸ್ ಹೋಮ್.

ಉಪ್ಪಳ ರಿಪೇರಿ

ಹೋಮ್‌ನಲ್ಲಿ ಬೂಟ್ ಪಿನ್ ಸೌಲಭ್ಯ ಕೊಟ್ಟಿಲ್ಲ, ಪ್ರೊ ಬೇಕು. ಪ್ರೊದಲ್ಲಿ ಗ್ರೂಪ್ ಪಾಲಿಸಿ ತೆರೆದು ಸ್ಟಾರ್ಟಪ್‌ನಲ್ಲಿ ಹೆಚ್ಚುವರಿ ದೃಢೀಕರಣ ಬೇಕು ಎನ್ನುವುದನ್ನು ಆನ್ ಮಾಡಿ, ಆಮೇಲೆ ಪಿನ್ ಸೇರಿಸಬೇಕು. ವಿಂಡೋಸ್ ಲಾಗಿನ್ ಪಿನ್ ಬೇರೆ, ಇದು ಬೇರೆ. ಸಾಮಾನ್ಯವಾಗಿ ಕನಿಷ್ಠ 6 ಅಂಕೆ. ಅಷ್ಟು ಚಿಕ್ಕದಾದರೂ ನಡೆಯುತ್ತದೆ, ಏಕೆಂದರೆ ಜಾಸ್ತಿ ಸಲ ತಪ್ಪು ಹೊಡೆದರೆ ಚಿಪ್ಪೇ ಬೀಗ ಹಾಕಿಕೊಳ್ಳುತ್ತದೆ. ಮೊದಲು ರಿಕವರಿ ಕೀ ಪ್ರಿಂಟ್ ತೆಗೆದು ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಅಲ್ಲದೆ ಬೇರೆ ಕಡೆ ಇಡಿ. ಅದಾಗದೆ ಬೇರೇನೂ ಮುಟ್ಟಬೇಡಿ.

ಪೆರ್ಲದ ಮಾಷ್ಟ್ರು

ಸರ್ವರಿನ ಲಕ್ಸ್ ಹೆಡರನ್ನೂ ಬ್ಯಾಕಪ್ ತೆಗೆಯಬೇಕಲ್ಲ? ಹೆಡರ್ ಹಾಳಾದರೆ ಪಾಸ್‌ವರ್ಡ್ ಗೊತ್ತಿದ್ದರೂ ಡಿಸ್ಕ್ ಹೋಯಿತು ಎಂದು ಕೇಳಿದ್ದೇನೆ.

ಮುಳ್ಳೇರಿಯ ಅಕ್ಕ

ತೆಗೆಯಲೇಬೇಕು. ಆದರೆ ಮುಂದೆ ಪಾಸ್‌ಫ್ರೇಸ್ ಬದಲಾಯಿಸಿದರೆ ಹಳೆಯ ಹೆಡರ್ ಪ್ರತಿ ಹಳೆಯ ಪಾಸ್‌ಫ್ರೇಸಿಗೇ ತೆರೆಯುತ್ತದೆ. ಡಿಸ್ಕಿನ ಒಳಗಿನ ಕೀ ಬದಲಾಗಿರುವುದಿಲ್ಲ. ಟಿಪಿಎಂ ಕಟ್ಟಿದ್ದನ್ನು ತೆಗೆದರೂ ಅಷ್ಟೇ, ಹಳೆಯ ಹೆಡರಿನಲ್ಲಿ ಆ ತುಂಡು ಹಾಗೇ ಇರುತ್ತದೆ. ಆದ್ದರಿಂದ ಲೋಕಲ್ ಅವರೇ, ನೀವು ಈಗಾಗಲೇ ಕ್ಲೆವಿಸ್ ಕಟ್ಟಿ ನೋಡಿದ್ದರೆ ಸುಮ್ನೆ ಅದನ್ನು ಬಿಚ್ಚಿ ಬಿಡಬೇಡಿ. ಕ್ರಿಪ್ಟ್‌ಸೆಟಪ್ ರಿಎನ್‌ಕ್ರಿಪ್ಟ್ ಎಂಬ ಕಮಾಂಡ್ ಓಡಿಸಿ ಒಳಗಿನ ಕೀಯನ್ನೇ ಹೊಸದು ಮಾಡಿ. ಡಿಸ್ಕ್ ದೊಡ್ಡದಾದರೆ ಒಂದು ರಾತ್ರಿ ಹಿಡಿಯಬಹುದು. ಪೂರ್ತಿ ಬ್ಯಾಕಪ್ ತೆಗೆದೇ ಶುರು ಮಾಡಿ, ಕರೆಂಟ್ ನೋಡಿಕೊಂಡು.